ಮಾಳಿಗೆಯ ಮೇಲೆ ಒಂಬತ್ತು ಬಾತು

ಕೈರೋದ ಒಂದು ಸುದ್ದಿ ಚಾನೆಲ್ಲಿನಲ್ಲಿ
ತೆರೆಯ ಬುಡಕ್ಕೆ ಓಡುತ್ತದಲ್ಲ, ಕೆಂಪು ಪಟ್ಟಿ,
ಅದನ್ನು ಟೈಪು ಮಾಡುವವನು ನಾನು.
ನನ್ನ ಹೆಸರು ಯಾರಿಗೂ ಗೊತ್ತಿಲ್ಲ,
ನನ್ನ ಅಕ್ಷರ ಎಲ್ಲರಿಗೂ ಗೊತ್ತು.

ಆ ವಾರ ಹೊಸ ಜ್ವರ ಬಂದಿತ್ತು.
ಹಕ್ಕಿಯಿಂದ, ಎಂದರು.
"ಮೂವರ ಸಾವು" ಎಂದು ಹೊಡೆದೆ.
ಸಂಪಾದಕ ವಗ್ದಿ ಹೆಗಲ ಮೇಲಿಂದ ಬಗ್ಗಿ ನೋಡಿ
"ಸಾವಿನ ಸಂಖ್ಯೆ ಮೂರಕ್ಕೆ ಏರಿಕೆ" ಅಂತ ಮಾಡು, ಎಂದ.
ಮೂರು ಮೂರೇ. ಆದರೆ ಏರುವ ಮೂರಕ್ಕೆ
ಕಾಲು ಮೂಡುತ್ತದೆ, ಮುಂದೆ ಮೆಟ್ಟಿಲು ಕಾಣುತ್ತದೆ.

ದಿನಕ್ಕೆ ನಾನೂರು ಸಲ ಓಡಿತು.
ನಾನೂರು ಸಲ ಅದೇ ಮೂವರು ಸತ್ತರು.
ಸಂಜೆಯಾಗುವಷ್ಟರಲ್ಲಿ ಬರೆದವನಿಗೇ ಲೆಕ್ಕ ತಪ್ಪಿ
ಗಂಟಲು ಕೆರೆಯತೊಡಗಿತು.

ಗುರುವಾರ ರಾತ್ರಿ ಫಯೂಮಿನ ಮೈಕ್ರೋಬಸ್ಸು.
ಹಿಂದಿನ ಸೀಟಿನಲ್ಲಿ ಯಾರೋ ಸೀನಿದರು,
ಹನ್ನೊಂದು ಕುತ್ತಿಗೆ ಒಟ್ಟಿಗೆ ತಿರುಗಿದವು.
ಡ್ರೈವರನ ಒಂದು ಕೈಯಲ್ಲಿ ಫೋನು,
ಹೆಡ್‌ಲೈಟು ಹಾಕಿಲ್ಲ, ಮುಳ್ಳು ನೂರಿಪ್ಪತ್ತರ ಮೇಲೆ.
ಅವನ ಕಡೆ
ಯಾರೂ ತಿರುಗಲಿಲ್ಲ.

ಅಕ್ಕ ಇನ್ಸಾಫ್ ಹಳ್ಳಿಯ ದಾದಿ.
ಬೆಳಿಗ್ಗೆ ಮಾಳಿಗೆ ಹತ್ತಿದರೆ
ಬಾಯಿಗೆ ಬಟ್ಟೆ ಕಟ್ಟಿ ಗೂಡು ಗುಡಿಸುತ್ತಿದ್ದಳು.
ಮೆಟ್ಟಿಲ ತುದಿಯಲ್ಲಿ ಚಪ್ಪಲಿ ಬೇರೆ.
ಒಂದೊಂದೇ ಬಾತನ್ನು ಎತ್ತಿ ಕಣ್ಣು ನೋಡಿ ಬಿಟ್ಟಳು,
ಮದುವೆಗೆ ಹೊರಟ ಮಕ್ಕಳ ಮುಖ ನೋಡಿದ ಹಾಗೆ.
ಆಮೇಲೆ ಮೊಣಕೈವರೆಗೆ ಸೋಪು.

ಹೆದರಿಕೆ ಇಲ್ಲವೇ, ಕೇಳಿದೆ.
ಇದೆ, ಎಂದಳು. ಒಂಬತ್ತು ಬಾತಿನಷ್ಟು.

"ಉಮ್ ರಬೀಅಳದ್ದು ಕೇಳು. ನಿನ್ನ ಪಟ್ಟಿ ಓದಿ
ಹದಿನಾಲ್ಕರ ಕತ್ತು ಮುರಿದು
ರಾತ್ರೋರಾತ್ರಿ ಕಾಲುವೆಗೆ ಎಸೆದಳು.
ಬೆಳಿಗ್ಗೆ ಅದೇ ನೀರಿನಲ್ಲಿ ಪಾತ್ರೆ ತೊಳೆದಳು."

ಚೀಲದಿಂದ ನೋಟ್‌ಬುಕ್ ತೆಗೆದಳು, ಮೂಲೆ ಮಡಚಿದ್ದು.
ಹೋದ ಚಳಿಗಾಲ, ಮಾಮೂಲಿ ಕೆಮ್ಮಿಗೆ ಏಳು ಮುದುಕರು.
ಭೇದಿಗೆ ಎರಡು ಕೂಸು.
ನೀನು ಬಂದ ರಸ್ತೆಯಲ್ಲಿ ಒಂದೇ ಮನೆಯ ನಾಲ್ವರು.
ಬೆರಳಿಟ್ಟು ಹೆಸರು ಓದಿದಳು.
"ಇವರದ್ದು ಯಾವ ಬಣ್ಣದ ಪಟ್ಟಿ?"

ಸುಮ್ಮನಿದ್ದೆ. ಅವಳೇ ಅಂದಳು:
ಕಡ್ಡಿಯನ್ನು ಗುಡ್ಡ ಮಾಡಿದಿರಿ.
ಕಡ್ಡಿ ಇಲ್ಲ ಅನ್ನುತ್ತೀಯಾ, ಎಂದೆ, ಸ್ವಲ್ಪ ಸಿಟ್ಟಿನಿಂದ.
"ಇದೆಯಪ್ಪ, ಚೂಪಾಗಿಯೇ ಇದೆ.
ಗುಡ್ಡದಡಿ ಹೂತ ಮೇಲೆ
ಕಾಲಿಟ್ಟಲ್ಲಿ ಅದು ಕಾಣುವುದು ಹೇಗೆ?

ನಿನ್ನ ಮೂವರಲ್ಲಿ ಒಬ್ಬಳು ಸರೋವರದ ದಡದವಳು.
ಬಸೀಮಾ. ಹತ್ತೊಂಬತ್ತು ವರ್ಷ.
ಜ್ವರ ಬಂದು ಐದು ದಿನ ಬಾಯಿ ಬಿಡಲಿಲ್ಲ,
ಬಿಟ್ಟರೆ ಬಾತುಗಳನ್ನು ಒಯ್ದು ಕೊಲ್ಲುತ್ತಾರೆ ಎಂದು.
ಆರನೆಯ ದಿನ ಕರೆತಂದರು.
ಮೊದಲ ದಿನಕ್ಕೆ ಔಷಧಿ ಇತ್ತು, ನನ್ನ ಈ ಚೀಲದಲ್ಲೇ."

ಮಾಳಿಗೆಯ ಕೆಳಗೆ ಯಾರದೋ ಟಿವಿ.
ನನ್ನ ವಾಕ್ಯ ಓಡುತ್ತಲೇ ಇತ್ತು.

ಶನಿವಾರ ಮತ್ತೆ ಅದೇ ಕುರ್ಚಿ.
ಮಿನ್ಯಾದ ರೋಗಿ ಗುಣವಾಗಿ ಮನೆಗೆ, ಎಂದು ಹೊಡೆದೆ.
ಇದಕ್ಕೆ ಯಾಕೆ ಕೆಂಪು, ಎಂದು ವಗ್ದಿ ಅಳಿಸಿದ.
ರಾತ್ರಿ ಎರಡೂ ನಲವತ್ತಕ್ಕೆ ಅವನು ಸಿಗರೇಟಿಗೆ ಹೋದಾಗ
ಬಿಳಿ ಅಕ್ಷರದಲ್ಲಿ, ಈರುಳ್ಳಿ ದರಕ್ಕೂ ಫುಟ್ಬಾಲ್ ಸ್ಕೋರಿಗೂ ನಡುವೆ,
ತೂರಿಸಿದೆ:
ಜ್ವರ ಬಂದರೆ ಮೊದಲ ದಿನವೇ ಬನ್ನಿ.
ಸತ್ತ ಹಕ್ಕಿಯನ್ನು ಕಾಲುವೆಗೆ ಎಸೆಯಬೇಡಿ.
ಬಸೀಮಾ ಎಂದೂ ಸೇರಿಸಿ, ಮತ್ತೆ ತೆಗೆದೆ.
ಒಂದೇ ಒಂದು ಸಲ ಓಡಿತು.
ಯಾರು ಎಚ್ಚರವಿದ್ದರೋ.

ಬೆಳಿಗ್ಗೆ ಅಕ್ಕನ ಮೆಸೇಜು.
ಪಟ್ಟಿಯ ಮಾತಿಲ್ಲ.
ಎಂಟು ಚೆನ್ನಾಗಿವೆ.
ಒಂಬತ್ತನೆಯದು ಇವತ್ತು ಮೇವು ಮುಟ್ಟಿಲ್ಲ.
ಬೇರೆ ಇಟ್ಟು, ಡಾಕ್ಟರಿಗೆ ಹೇಳಿದ್ದೇನೆ.
ನೋಡುತ್ತಿದ್ದೇನೆ.