ಕೈ ಕೊಟ್ಟ ಕೈ

ವಿದಿನ್ ಊರಿನ ಡ್ಯಾನ್ಯೂಬ್ ದಂಡೆಯ ಬೀದಿಯಲ್ಲಿ
ನಲವತ್ತು ವರ್ಷ ಗಡ್ಡ ಹೆರೆದವನು ನನ್ನಪ್ಪ, ವೆಲ್ಕೊ.
ಆಗಿನ ಪಕ್ಷದ ಕಾರ್ಯದರ್ಶಿ, ಆಮೇಲಿನ ಮೇಯರು,
ಇಬ್ಬರೂ ಇದೇ ಒಡಕು ಚರ್ಮದ ಕುರ್ಚಿಯಲ್ಲಿ
ಗಂಟಲು ಮೇಲೆತ್ತಿ ಕೂತವರು.
ಕತ್ತಿ ಗಂಟಲಗಂಟು ದಾಟುವ ಹೊತ್ತಿಗೆ ಸರಿಯಾಗಿ
ಅವರ ಮೇಲೇ ಒಂದು ಚಟಾಕಿ ಹಾರಿಸುತ್ತಿದ್ದ.
ನಗುವ ಹಾಗಿಲ್ಲ. ಸಿಟ್ಟಾಗುವ ಹಾಗೂ ಇಲ್ಲ.
‘ಐದು ನಿಮಿಷ ಈ ಊರಿಗೆ ನಾನೇ ಸರ್ಕಾರ’ ಎನ್ನುತ್ತಿದ್ದ
ನೊರೆ ಕೊಡವುತ್ತ.

ಹೋದ ಚಳಿಗಾಲ ಚಹದ ಲೋಟ ಮೊದಲು ಬಾಯಿಬಿಟ್ಟಿತು,
ಬಸಿಯ ಮೇಲೆ, ಟಕಟಕ.
ಅಪ್ಪ ಬಸಿ ತೆಗೆದಿಟ್ಟ.
ಆಮೇಲೆ ಅಂಗಿಯ ಗುಂಡಿ, ಬೀಗದ ಕೈ, ಸೂಪಿನ ಚಮಚ.
ಆಮೇಲೆ ಅಂಚೆಯ ಸ್ತೊಯಿಲ್‌ನ ಕಿವಿಯ ಕೆಳಗೆ
ಕೂದಲೆಳೆಯಷ್ಟು ಕೆಂಪು ಗೆರೆ.
ಏನಾಗಿಲ್ಲ ಬಿಡು, ಅಂದ ಸ್ತೊಯಿಲ್.
ಮತ್ತೆ ಬರಲಿಲ್ಲ.

ಕೈಯೇ ಕೈ ಕೊಟ್ಟರೆ
ಯಾರ ಮೇಲೆ ದೂರು ಕೊಡುವುದು?

ಈಗ ಕತ್ತಿ ನನ್ನದು. ಅಪ್ಪ ಕಿಟಕಿಯ ಬಳಿ,
ಬಲಗೈ ತೊಡೆಯ ಕೆಳಗೆ ಅದುಮಿಕೊಂಡು,
ಹಿಡಿದ ಕಳ್ಳನ ಮೇಲೆ ಕೂತವನ ಹಾಗೆ.
ಅವನ ಮಾತ್ರೆ, ಅವನ ಗುಂಡಿ, ಅವನ ಬೂಟಿನ ದಾರ
ಎಲ್ಲ ನನ್ನ ಅಂಕೆಯಲ್ಲಿ.
ಅವನು ಅಲ್ಲಿಂದಲೇ ಬೀದಿ ಆಳುತ್ತಾನೆ:
ಸೈಕಲ್ಲಿನವರಿಗೆ ದಂಡ ಹಾಕಬೇಕು,
ರೊಮಾ ಹುಡುಗರು ಏಳರ ಮೇಲೆ ಹೊರಗೆ ಕಾಣಬಾರದು,
ಈ ದೇಶಕ್ಕೆ ಹೇಳುವವರು ಕೇಳುವವರು ಒಬ್ಬರು ಬೇಕು.

ಚುನಾವಣೆ ಬಂತು.
ಅಮ್ಮನ ಪಟವಿದ್ದ ಮೊಳೆಗೆ
ಯಾರೋ ಮಾಜಿ ಜನರಲ್‌ನ ಪೋಸ್ಟರು ಹಾಕಿಸಿದ,
ಮೇಜಿನ ಮೇಲೆ ಊರಿದ ಮುಷ್ಟಿ.
‘ಇವನೇನು ಮಾಡುತ್ತಾನಂತೆ?’ ಕೇಳಿದೆ.
ಅಪ್ಪ ಮುಖ ನೋಡುತ್ತಿರಲಿಲ್ಲ.
‘ನೋಡು,’ ಅಂದ, ‘ಎಷ್ಟು ಅಲ್ಲಾಡದೆ ಇಟ್ಟಿದ್ದಾನೆ.’

ಪಟದಲ್ಲಿ ಯಾರ ಕೈ ತಾನೆ ನಡುಗುತ್ತದೆ
ಅನ್ನಲು ಹೋಗಿ ನುಂಗಿಕೊಂಡೆ.

ಭಾನುವಾರ, ಶಾಲೆಯಲ್ಲಿ, ಪರದೆಯ ಹಿಂದೆ
ಪೆನ್ನು ಚೌಕದೊಳಗೆ ನಿಲ್ಲಲೊಲ್ಲದು.
ಕೈ ಹಿಡಿ, ಅಂದ. ಹಿಡಿದೆ.
ಬಲೆಯೊಳಗಿನ ಮೀನಿನಂತೆ ಮಿಡುಕುವ ಮಣಿಕಟ್ಟು.
ಪಕ್ಕದ ಚೌಕ ಅರ್ಧ ಬೆರಳು ದೂರ.
ಒಂದು ಉಸಿರಿನಷ್ಟು ಹೊತ್ತು
ನಾನೇ ಸರ್ಕಾರ.
ಅವನು ತೋರಿಸಿದಲ್ಲೇ ಗೀಟೆಳೆದೆ.

ಬಂದವನೇ ಕುರ್ಚಿಯಲ್ಲಿ ಕೂತು
ಗಂಟಲು ಮೇಲೆತ್ತಿದ. ಹೆರೆ, ಅಂದ.
ಜನರಲ್ ಮೇಲಿನಿಂದ ನೋಡುತ್ತಿದ್ದ.
ಗಂಟಲಗಂಟಿನವರೆಗೂ ಬಂದೆ.
ಒಂದು ಚಟಾಕಿಯೂ ಹೊಳೆಯಲಿಲ್ಲ.