ಕಾಣ್ಕೆ, ಕಾಣಿಕೆ

ಮೇಲಿನ ಕಚೇರಿಯಿಂದ ಫಾರ್ಮು ಬಂದಿತ್ತು.
ಎರಡೇ ಪ್ರಶ್ನೆ: ನಿಮ್ಮ ಸಭೆಯ ವಿಷನ್ ಏನು, ಮಿಶನ್ ಏನು.
ಐವತ್ತು ಪದ ಮೀರಬಾರದು,
ಮೂವತ್ತನೇ ತಾರೀಕು ದಾಟಬಾರದು.
ಉಪ್ಪಳದಿಂದಾಚೆ, ಶಿರಿಯ ಹೊಳೆ ಉಪ್ಪಾಗುವಲ್ಲಿ
ನಾವು ಮೂವತ್ತೊಂದು ಮನೆ.
ಸರಕಾರ ನಮಗೆ ಬರೆಯುವುದು ಮಲಯಾಳದಲ್ಲಿ,
ಬಿಷಪರ ಕಚೇರಿ ಇಂಗ್ಲಿಷಿನಲ್ಲಿ.
ಪ್ರಾರ್ಥನೆ ಕನ್ನಡ, ಜಗಳ ತುಳು.

ಕಮಿಟಿ ಕೂತಿತು. ಮಿಶನ್ ಎಂದರೆ
ಇಲ್ಲಿ ಈಗಲೂ ಹಂಚಿನ ಕಾರ್ಖಾನೆ.
"ನಮ್ಮಜ್ಜ ಮಿಶನ್‌ನಲ್ಲಿದ್ದರು" ಅಂದರೆ
ಮಣ್ಣು ತುಳಿಯುತ್ತಿದ್ದರು ಎಂದರ್ಥ.
ವಿಷನ್‌ಗೆ ಕಾರ್ಯದರ್ಶಿ ಏಲೀಷ ಕುಂದರ್
ಒಳ್ಳೆಯ ಶಬ್ದ ಹುಡುಕಿ ತಂದರು: ಕಾಣ್ಕೆ.
ನನಗೂ ಹಿತವಾಯಿತು. ನನ್ನ ಕಾಣ್ಕೆ ಆಗಲೇ ತಯಾರಿತ್ತು,
ದೀಕ್ಷಾಸ್ನಾನದ ರಿಜಿಸ್ಟರಿನ ಹಿಂಬದಿ, ಪೆನ್ಸಿಲಿನಲ್ಲಿ:
ಇನ್ನೂರು ಕುರ್ಚಿಯ ಹಾಲ್, ಏಸಿ, ಗಾಜಿನ ಬಾಗಿಲು,
ಹೆದ್ದಾರಿಯಿಂದಲೇ ಕಾಣುವ ಶಿಲುಬೆ.
ದುಡ್ಡೂ ಇತ್ತು. ಹೆದ್ದಾರಿ ಕೊಟ್ಟ ದುಡ್ಡು,
ಸ್ಮಶಾನದ ಪಡುಬದಿಯ ಒಂದು ಪಟ್ಟಿಗೆ.

ಬ್ಯಾನರ್ ಮಾಡಿದವನು ಉಪ್ಪಳದ ಹುಡುಗ ಶಮ್ನಾದ್,
ಕನ್ನಡ ಮಾತಾಡುತ್ತಾನೆ, ಓದಲಾರ.
ಎರಡು ಮಾರು ಅಗಲಕ್ಕೆ ಬರೆದುಕೊಟ್ಟ:
ನಮ್ಮ ಸಭೆಯ ಕಾಣಿಕೆ.
ಒತ್ತು ಹೋಗಿ ಗುಡಿಸು ಬಂದಿತ್ತು.
ನಾವು ನೋಡುವ ಮೊದಲೇ
ಶನಿವಾರ ರಾತ್ರಿ ಫೋಟೋ ಗ್ರೂಪಿಗೆ ಹೋಗಿತ್ತು.

ಭಾನುವಾರ ಯಾರೂ ಕೈ ಬೀಸಿಕೊಂಡು ಬರಲಿಲ್ಲ.
ಎರಡು ಪಡವಲ. ಒಂದು ಸೇರು ಕುಚ್ಚಲಕ್ಕಿ.
ಒದ್ದೆ ಬಟ್ಟೆಯಲ್ಲಿ ಮರುವಾಯಿ,
ವೇದಿಕೆಯ ಮೆಟ್ಟಿಲ ಮೇಲೆ ಅದರ ಉಪ್ಪುನೀರು.
ಕುಂದರ್ ಏಣಿ ತಂದು, ಗೋಂದು ತಂದು,
ಅಕ್ಷರದ ಮೇಲೆ ಅಂಟಿಸಲು ಬಿಳಿ ಕಾಗದ ಕತ್ತರಿಸುತ್ತಿದ್ದರು.
ಕೊನೆಗೆ ಬಂದವರು ಜೆಮೀಮ ಸಾಲಿನ್ಸ್,
ಎಂಬತ್ತನಾಲ್ಕು, ಎರಡೂ ಕಣ್ಣಿಗೆ ಪೊರೆ.
ಬೈರಾಸಿನಲ್ಲಿ ಸುತ್ತಿದ ಒಂದು ಹಂಚು;
ಅದರ ಅಡಿಯಲ್ಲಿ, ಸುಡುವ ಮೊದಲು ಒತ್ತಿದ
ಅವರ ಅಜ್ಜನ ಹೆಬ್ಬೆರಳು.
"ಅಯ್ಯನವರೇ, ಅಲ್ಲಿ ಬರೆದದ್ದು ನನಗೆ ಕಾಣುವುದಿಲ್ಲ.
ನಿಮಗೆ ಎಂತ ಕಾಣ್ತದೆ, ಹೇಳಿ."

ಐವತ್ತು ಪದ ಬಾಯಿಪಾಠ ಮಾಡಿದ್ದೆ.
ತಲೆಯೆತ್ತಿದೆ.
ಮಾಡಿನಲ್ಲಿ ಹಂಚು ಜಾರಿದ ಒಂದು ಕಂಡಿ.
ಕಂಡಿಯಿಂದ ಬಿಸಿಲು ನೆಟ್ಟಗೆ ಮೂರನೇ ಬೆಂಚಿಗೆ.
ಬೆಂಚು ಖಾಲಿ. ಹತ್ತು ತಿಂಗಳ ಧೂಳು,
ಧೂಳಿನ ಮೇಲೆ ಹಲ್ಲಿಯ ಹೆಜ್ಜೆ.

ಅದು ಇಮ್ಮಾನುವೇಲ ಬಂಗೇರರ ಬೆಂಚು.
ಪಟ್ಟಿಯಲ್ಲಿ ಮೂರು ಗೋರಿ ಇದ್ದವು,
ಒಂದು ಅವರ ತಾಯಿಯದು.
ಜೆಸಿಬಿ ಮಂಗಳವಾರ ಬರುವುದೆಂದು ನನಗೆ ಗೊತ್ತಿತ್ತು.
ಹೇಳೋಣ, ನಾಳೆ ಹೇಳೋಣ ಅಂದುಕೊಂಡೇ
ಸಹಿ ಹಾಕಿ ಸೀಲು ಹೊಡೆದೆ.
ಮೀನು ಮಾರಿ ಮರಳುವಾಗ ಅವರು ಕಂಡದ್ದು
ಜಲ್ಲಿಯ ರಾಶಿಗೆ ಒರಗಿದ
ತಾಯಿಯ ಅರ್ಧ ಹೆಸರು.

"ಬೆಂಚು ಕಾಣ್ತದೆ" ಅಂದೆ.
ಯಾರ ಬೆಂಚೆಂದು ಅಜ್ಜಿ ಕೇಳಲಿಲ್ಲ.
ಕುಂದರ್ ಅದೇ ಏಣಿಯಲ್ಲಿ ಮಾಡಿಗೆ ಹತ್ತಿ
ಹಂಚು ಕೂರಿಸಿದರು. ಹಳೇ ಅಚ್ಚು,
ಹೊಸ ಸಾಲಿಗೆ ಹೊಂದದೆ ಎರಡು ಬೆರಳು ಸಂದು ಉಳಿಯಿತು.
ಬ್ಯಾನರ್ ತಿದ್ದಲು ಮರೆತರು.
ನಾನೂ ನೆನಪಿಸಲಿಲ್ಲ.

ಬಂಗೇರರ ಮನೆ ಎದುರೇ, ಹೆದ್ದಾರಿಯ ಆಚೆ.
ಮೊದಲು ಕೂಗಿದರೆ ಕೇಳುತ್ತಿತ್ತು.
ಈಗ ನಡುವೆ ಆಳೆತ್ತರದ ಗೋಡೆ;
ಒಂದೂಕಾಲು ಕಿಲೋಮೀಟರ್ ತೆಂಕಕ್ಕೆ ನಡೆದು
ಅಂಡರ್‌ಪಾಸಿನಲ್ಲಿ ನುಸುಳಿ
ಅಷ್ಟೇ ದೂರ ಬಡಗಕ್ಕೆ ಮರಳಬೇಕು.
ನಡೆದೆ. ಬಾಗಿಲಲ್ಲಿ ಮಗಳು, "ಅಪ್ಪ ಇಲ್ಲ."
ಜಗಲಿಯಲ್ಲಿ ಅವರ ಚಪ್ಪಲಿ ಇತ್ತು.
ಚಪ್ಪಲಿಯ ಕೆಳಗಿನ ಮೆಟ್ಟಿಲಲ್ಲಿ ಕೂತೆ.
ಒಳಗೆ ಯಾರೋ ಕೆಮ್ಮಿದರು. ಚಹಾ ಬರಲಿಲ್ಲ.
ಕತ್ತಲಾದ ಮೇಲೆ ಎದ್ದು ಬಂದೆ.

ಮೂವತ್ತನೇ ತಾರೀಕು ಫಾರ್ಮು ತುಂಬಿದೆ.
ವಿಷನ್: ಮೂರನೇ ಬೆಂಚು.
ಮಿಶನ್: ಅಂಡರ್‌ಪಾಸಿನಿಂದ ಸುತ್ತಿ.
ಕಚೇರಿಯಿಂದ ಉತ್ತರ ಬಂದಿದೆ,
ಪದಗಳು ಸಾಲವು, ವಿವರಿಸಿ ಬರೆಯಿರಿ ಎಂದು.
ವಿವರಿಸಬೇಕು.
ಮೊನ್ನೆ ಹೋದದ್ದು ಐದನೇ ಸಲ.
ಜಗಲಿಯಲ್ಲಿ ಚಪ್ಪಲಿ ಒಂದು ಬದಿಗೆ ಸರಿದಿತ್ತು,
ಒಬ್ಬ ಕೂರುವಷ್ಟು.