ಏಳನೇ ಸಾಲಿನ ಸೀನು

ನಲಿಕಲಿ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ದಾರ ಕಟ್ಟಿ
ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ಸಿಕ್ಕಿಸಿದ್ದೇನೆ
ನರಿ, ಮೊಸಳೆ, ಕೊಕ್ಕರೆ, ಆಮೆ.
ಹದಿನಾರು ಕಾರ್ಡು, ಹದಿನಾರು ಕಥೆ,
ಒಂದೊಂದರ ಬುಡದಲ್ಲೂ ಕೆಂಪಕ್ಷರದ ನೀತಿ.

ಮಕ್ಕಳು ಜಾಣರು. ಕಥೆ ಓದುವುದಿಲ್ಲ.
ಕಣ್ಣು ನೇರ ಬುಡಕ್ಕೆ ಜಾರುತ್ತದೆ,
ಊಟದ ಸಾಲಿನಲ್ಲಿ ಪಾಯಸದ ಬಕೇಟಿನ ಕಡೆ ಜಾರುವ ಹಾಗೆ.
"ಏನು ತಿಳೀತು?" ಅಂದರೆ
ಇಪ್ಪತ್ತೆರಡು ಬಾಯಿ ಒಂದೇ ಉಸಿರಲ್ಲಿ:
"ಸೊಕ್ಕಿದವರಿಗೆ ಸೋಲು!"
"ಸೊಕ್ಕು ಅಂದರೆ?"
ಫ್ಯಾನು ಮಾತ್ರ ಕಟಕಟ.
"ಜ್ವರ ಇರಬೇಕು ಟೀಚರ್" ಅಂದ ತೀರ್ಥೇಶ.

ಅವತ್ತು ಸಂಜೆ ಕತ್ತರಿ ಹಿಡಿದು ಕೂತೆ.
ಹದಿನಾರು ನೀತಿಯನ್ನೂ ಕತ್ತರಿಸಿ
ಬಿಸ್ಕತ್ತಿನ ಖಾಲಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ.
ಸರ್ಕಾರಿ ಸಾಮಾನು; ಎದೆ ಢವಢವ.

ಮಾರನೇ ದಿನ ಆನೆ-ಇರುವೆಯ ಕಾರ್ಡು
ಜುಲೇಖಾಳ ಕೈಗೆ ಬಂತು.
ಸಕ್ರೆಬೈಲಿನ ಬಿಡಾರದಲ್ಲಿ ಅವಳಪ್ಪ ಮಾವುತ.
ಅವಳಿಗೆ ಆನೆ 'ಆ' ಅಕ್ಷರದ ಪಕ್ಕದ ಚಿತ್ರವಲ್ಲ;
ಬೆಳಗಿನ ಲದ್ದಿಯ ಬಿಸಿ, ಸರಪಳಿ ಎಳೆದ ಗುರುತು,
ಹುಲ್ಲಲ್ಲಿ ಸುತ್ತಿದ ಭತ್ತ ಬೆಲ್ಲ,
ಹೊಳೆಯಲ್ಲಿ ಮೈ ಉಜ್ಜಿಸಿಕೊಳ್ಳುತ್ತ ಬಿಡುವ ಒಂದು ಉದ್ದ ಉಸಿರು.
ಮನೆಯಲ್ಲಿ ಹಾಥಿ, ಇಲ್ಲಿ ಆನೆ.
ನಡುವೆ ಅವಳ ಬೆರಳು
ಬೇಸಿಗೆಯ ಹೊಳೆಯಲ್ಲಿ ಕಲ್ಲಿಂದ ಕಲ್ಲಿಗೆ ಕಾಲಿಟ್ಟಂತೆ
ಸೊಂ... ಡಿ... ಲಿ... ನೊ... ಳ... ಗೆ.
ನಿಂತಳು.
"ಸೂಂಡ್?" ತನ್ನನ್ನೇ ಕೇಳಿಕೊಂಡಳು.
ಹೌದೆಂದು ತಾನೇ ತಲೆಯಾಡಿಸಿ ಕೊನೆವರೆಗೂ ಓದಿದಳು.

ಎಲ್ಲರೂ ಬುಡ ನೋಡಿದರು. ಬುಡ ಬೋಳು.

"ಟೀಚರ್, ಇರುವೆ ಹೊರಗೆ ಬಂತಾ?"

ಹನ್ನೊಂದು ವರ್ಷದಿಂದ ಹೇಳುತ್ತಿದ್ದೇನೆ ಈ ಕಥೆ.
ನನಗೆ ಗೊತ್ತಿಲ್ಲ.
"ಹುಡುಕಿ" ಅಂದೆ, ಗೊತ್ತಿದ್ದವಳ ಗತ್ತಿನಲ್ಲಿ.

ತಲೆಗೆ ತಲೆ ಡಿಕ್ಕಿ.
ಒಳಗೆ ಹೋಯಿತು ಅಂತಿದೆ. ಕಚ್ಚಿತು ಅಂತಿದೆ.
ಬಂತು ಅಂತ ಇಲ್ಲ.
ಮೇಲಿಂದ ಕೆಳಗೆ, ಕೆಳಗಿಂದ ಮೇಲೆ;
ಒತ್ತಕ್ಷರ ಕಂಡರೆ ಬಾಯಿ ಮುಚ್ಚುವ ಸಿಂಚನ ಕೂಡ
ಮುಚ್ಚಲು ಮರೆತು ಓದುತ್ತಿದ್ದಾಳೆ.
"ಸಿಕ್ತು!" ತೀರ್ಥೇಶನ ಕೂಗು. "ಏಳನೇ ಸಾಲು!
ಆನೆ ಜೋರಾಗಿ ಸೀನಿತು."
"ಅದರಲ್ಲಿ ಇರುವೆ ಎಲ್ಲಿದೆಯೋ?"
"ಸೀನಿದ್ರೆ ಮೂಗಲ್ಲಿ ಇದ್ದದ್ದು ಒಳಗೇ ಕೂತಿರತ್ತಾ?"
ಅಂಗಿಯ ತೋಳು ಎತ್ತಿ ತೋರಿಸಿದ, ಸಾಕ್ಷಿಗೆ.

ನಗು ಅಡಗುವಾಗ ನೋಡಿದೆ,
ಜುಲೇಖಾಳ ಬೆರಳು ಏಳರಿಂದ ಹಿಂದಕ್ಕೆ ಹೊರಟಿತ್ತು.
ಆರು, ಐದು, ನಾಲ್ಕು...
ಒಂದನೇ ಸಾಲಿಗೆ ಬಂದು ನಿಂತಿತು:
ಹೊಳೆಯ ದಡದಲ್ಲಿ ಒಂದು ಆನೆ ಇತ್ತು.
"ಹಾಗಾದ್ರೆ ಇರುವೆ," ಮೆಲ್ಲಗೆ ಅಂದಳು,
"ನೀರಿಗೆ ಬಿತ್ತು."

ಸೋತವರು ಯಾರು ಅಂತ ಯಾರೂ ಕೂಗಲಿಲ್ಲ.

ಆ ತಿಂಗಳ ನಮೂನೆಯಲ್ಲಿ ಒಂದು ಕಾಲಂ:
ಅರ್ಥಗ್ರಹಿಕೆ, ಸರಿಯುತ್ತರ ಕೊಟ್ಟವರ ಸಂಖ್ಯೆ.
ಸೊನ್ನೆಯೋ ಇಪ್ಪತ್ತೆರಡೋ ತಿಳಿಯದೆ
ಪೆನ್ನಿನ ಟೋಪಿ ಕಚ್ಚುತ್ತ ಕೂತಿದ್ದಾಗ
ಅವಳು ಬಂದು ಡಬ್ಬಿಯಿಂದ ಒಂದು ನೀತಿ ಕೇಳಿದಳು.
ಮಗುಚಿದಳು. ಹಿಂಬದಿ ಖಾಲಿ.
ನಾಲಿಗೆ ತುದಿ ಹೊರಗಿಟ್ಟು ಬರೆದಳು:
"ಇರುವೆಗೆ ಇಜು ಬರತದೆ."
ದೀರ್ಘ ಬಿಟ್ಟಿತ್ತು. ತಿದ್ದುವುದು ನಾಳೆಗಿರಲಿ.
ಕಾರ್ಡಿನ ಬುಡಕ್ಕೆ ಅಂಟಿಸಿದೆ.

ಗೋಂದು ಆರುವ ಮುಂಚೆಯೇ
ಒಂದನೇ ತರಗತಿಯ ಹಾಲೇಶ ಬಂದು, ಕಣ್ಣು ಕಿರಿದು ಮಾಡಿ,
"ಹಾಗಂತ ಎಲ್ಲಿದೆ?" ಎಂದು
ಬೆರಳಿಟ್ಟ,
ಮೇಲಿನ ಸಾಲಿನ ಮೊದಲ ಅಕ್ಷರಕ್ಕೆ.